ವೈಮಾನಿಕನ ರಹದಾರಿ

ಹಿರೀಸಾವೆಯಿಂದ ಗಾಡಿ ಕಟ್ಟಿಕೊಂಡು ಬೆಳ್ಳೂರಿನ ದಿಕ್ಕಿಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಹಾಸನ ಜಿಲ್ಲೆ ಮುಗಿದು ಮಂಡ್ಯ ಜಿಲ್ಲೆ ಮೊದಲಾಗುತ್ತದೆ. ಎತ್ತುಗಳಿಗೆ ಇದು ತಿಳಿಯುವುದಿಲ್ಲ. ಗಾಡಿ ಹೊಡೆಯುವವನಿಗೂ ತಿಳಿಯಬೇಕಾದ ಅಗತ್ಯವಿಲ್ಲ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಗಾಡಿ ಹೊಡೆಯಬಲ್ಲವನು ನಾಗಮಂಗಲದ ರಸ್ತೆಯಲ್ಲಿಯೂ ಹೊಡೆಯಬಲ್ಲ. ಬಡಗಿ, ಕಮ್ಮಾರ, ಅಡಿಗೆಯವನು, ನಾಗಸ್ವರದವನು, ಎಲ್ಲರ ಮಾತೂ ಇಷ್ಟೆ. ವಿದ್ಯೆ ಕೈಯಲ್ಲಿದೆ, ಕೈ ಹೋದಲ್ಲಿ ವಿದ್ಯೆಯೂ ಹೋಗುತ್ತದೆ. ವಿದ್ಯಾವಂತನಿಗೆ ಪರದೇಶವೆಂಬುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು.

ಈ ನಂಬಿಕೆಗೆ ಒಂದು ವಿನಾಯಿತಿ ಇದೆಯೆಂಬುದು ನಮ್ಮ ಹೋಬಳಿಯ ಒಬ್ಬ ಗೌಡರಿಗೆ ಗೊತ್ತಾದದ್ದು ತೆಂಗಿನ ತೋಟವನ್ನು ಬ್ಯಾಂಕಿಗೆ ಬರೆದುಕೊಟ್ಟ ಮೇಲೆ. ಅವರ ಮಗ ಹಿಂದೆ ನನ್ನ ಶಿಷ್ಯ. ಚರಿತ್ರೆಯಲ್ಲಿ ಸಾಧಾರಣ, ಗಣಿತದಲ್ಲಿ ಚುರುಕು. ಅಮೆರಿಕಕ್ಕೆ ಹೋಗಿ ಹೆಲಿಕಾಪ್ಟರು ನಡೆಸುವುದನ್ನು ಕಲಿತು, ಅಲ್ಲಿನ ಸರ್ಕಾರದ ಲೈಸೆನ್ಸು ಪಡೆದು ಊರಿಗೆ ಬಂದ. ಬಂದವನು ಕೆಲಸಕ್ಕೆ ಹೋಗಲಿಲ್ಲ. ಪುಸ್ತಕ ಹಿಡಿದು ಮತ್ತೆ ಪರೀಕ್ಷೆಗೆ ಓದತೊಡಗಿದ. ಗೌಡರಿಗೆ ಇದು ಅರ್ಥವಾಗಲಿಲ್ಲ. ಒಂದು ಸಂಜೆ ನನ್ನಲ್ಲಿಗೆ ಬಂದು ಕೇಳಿದರು: “ಮೇಷ್ಟ್ರೇ, ಅಲ್ಲಿ ಹಾರ್ಸಿದೋನು ಇಲ್ಲಿ ಯಾಕೆ ಹಾರ್ಸಬಾರದು? ಅಲ್ಲಿನ ಗಾಳಿ ಬ್ಯಾರೆ, ಇಲ್ಲಿನ ಗಾಳಿ ಬ್ಯಾರೆಯಾ?”

ನಾನು ಚರಿತ್ರೆಯ ಮೇಷ್ಟ್ರಾಗಿ ನಿವೃತ್ತನಾದವನು. ಗಾಳಿಯ ವಿಷಯ ನನಗೆ ತಿಳಿಯದು. ಆದರೆ ಪ್ರಶ್ನೆ ಗಾಳಿಯದಾಗಿರಲಿಲ್ಲ, ಕಾಗದದ್ದಾಗಿತ್ತು, ಕಾಗದಕ್ಕೆ ಚರಿತ್ರೆಯಿರುತ್ತದೆ. ಅದನ್ನು ಹುಡುಕುತ್ತ ಹೋದಾಗ ನನಗೆ ತೋರಿದ್ದು ಇದು: ಲೈಸೆನ್ಸು ಎಂಬುದು ಮನುಷ್ಯನ ಸಾಮರ್ಥ್ಯದ ಪತ್ರವೆಂದು ನಾವು ತಿಳಿದಿದ್ದೇವೆ. ಅದು ಅಷ್ಟೇ ಅಲ್ಲ. ಅದೊಂದು ಜಾಮೀನು. ‘ಇವನ ಕೈಯಲ್ಲಿ ಏನಾದರೂ ಆದರೆ ಉತ್ತರ ಹೇಳುವವರು ನಾವು’ ಎಂದು ಒಂದು ಸರ್ಕಾರ ಬರೆದುಕೊಟ್ಟ ಪತ್ರ. ವಿದ್ಯೆ ಗಡಿ ದಾಟಬಹುದು. ಜಾಮೀನು ಸುಲಭವಾಗಿ ದಾಟುವುದಿಲ್ಲ.

ಆರಂಭದಲ್ಲಿ ಹೀಗಿರಲಿಲ್ಲ. ಹಾರಾಟವು ಶ್ರೀಮಂತರ ಹವ್ಯಾಸವಾಗಿದ್ದ ದಿನಗಳಲ್ಲಿ ವೈಮಾನಿಕರಿಗೆ ಪ್ರಮಾಣಪತ್ರ ಕೊಡುತ್ತಿದ್ದವರು ಸರ್ಕಾರದವರಲ್ಲ, ಕ್ಲಬ್ಬಿನವರು. ಈ ಕ್ಲಬ್ಬುಗಳೆಲ್ಲ ಸೇರಿ 1905ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಒಂದು ಕ್ಲಬ್ಬು ಕೊಟ್ಟ ಪತ್ರವನ್ನು ಇನ್ನೊಂದು ಕ್ಲಬ್ಬು ಗೌರವಿಸುತ್ತಿತ್ತು. ಅದು ಸ್ನೇಹಿತರ ನಡುವಿನ ನಂಬಿಕೆ. ನಮ್ಮ ದೇಶದಲ್ಲಿ ಮೊದಲನೆಯ ನಂಬರಿನ ಪತ್ರವನ್ನು ಜೆ. ಆರ್. ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಪಡೆದರು; ಕೊಟ್ಟದ್ದು ಭಾರತ ಮತ್ತು ಬರ್ಮಾ ಏರೋ ಕ್ಲಬ್ಬು. ಮಾರನೆಯ ವರ್ಷ ಆಗಾ ಖಾನರ ಬಹುಮಾನಕ್ಕಾಗಿ ಭಾರತಕ್ಕೂ ಇಂಗ್ಲೆಂಡಿಗೂ ನಡುವೆ ಒಬ್ಬೊಬ್ಬರೇ ಹಾರುವ ಸ್ಪರ್ಧೆ ನಡೆಯಿತು. ಟಾಟಾ ಅವರು ಕರಾಚಿಯಿಂದ ಹೊರಟರು. ತರುಣ ಆಸ್ಪಿ ಎಂಜಿನಿಯರ್ ಆ ಕಡೆಯಿಂದ ಬಂದರು. ಇಬ್ಬರೂ ಈಜಿಪ್ಟಿನ ಅಬೂಕಿರ್‌ನಲ್ಲಿ ಸಂಧಿಸಿದಾಗ ಟಾಟಾ ಅವರು ತಮ್ಮ ಎದುರಾಳಿಗೆ ಸ್ಪಾರ್ಕ್ ಪ್ಲಗ್ಗು ಕೊಟ್ಟು ನೆರವಾದರು. ಸ್ಪರ್ಧೆಯನ್ನು ಗೆದ್ದವರು ಆಸ್ಪಿ. ಎಷ್ಟೋ ದೇಶಗಳ ಮೇಲೆ ಹಾರಿದ ಈ ತರುಣರನ್ನು ಯಾರೂ ‘ಮತ್ತೊಮ್ಮೆ ಪರೀಕ್ಷೆಗೆ ಕುಳಿತುಕೊಳ್ಳಿ’ ಎನ್ನಲಿಲ್ಲ. ಅವರು ತಮ್ಮ ವಿಮಾನದಲ್ಲಿ ತಾವು ಹಾರುತ್ತಿದ್ದರು. ಯಾರ ಬಳಿಯೂ ಕೂಲಿ ಕೇಳುತ್ತಿರಲಿಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೇಲಿಯ ಗೂಟವನ್ನು ಮಾತ್ರ ಅದಕ್ಕೆ ಮೊದಲೇ ನೆಟ್ಟಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಾಂಬು ಬಿದ್ದ ಮೇಲೆ ಆಕಾಶ ಎಲ್ಲರದೂ ಎಂಬ ಮಾತನ್ನು ಯಾವ ಸರ್ಕಾರವೂ ಒಪ್ಪುವಂತಿರಲಿಲ್ಲ. 1919ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಆದ ಒಡಂಬಡಿಕೆ, ನೆಲ ಯಾರದೋ ನೆಲದ ಮೇಲಿನ ಆಕಾಶವೂ ಅವರದೇ ಎಂದು ಸಾರಿತು. ವೈಮಾನಿಕನ ಪತ್ರವೂ ಕ್ಲಬ್ಬಿನ ಕೈಯಿಂದ ಸರ್ಕಾರದ ಕೈಗೆ ಬಂದಿತು. ಎರಡನೆಯ ಮಹಾಯುದ್ಧ ಮುಗಿಯುವ ಮುನ್ನ 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಇನ್ನೂ ದೊಡ್ಡ ಒಡಂಬಡಿಕೆಯಾಯಿತು. ನಮ್ಮ ದೇಶವು ಅದನ್ನು ಸ್ಥಿರಪಡಿಸಿದ್ದು 1947ರ ಮಾರ್ಚಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು. ಇಂದಿಗೂ ಜಗತ್ತಿನ ವಿಮಾನಗಳೆಲ್ಲ ಹಾರುತ್ತಿರುವುದು ಈ ಒಡಂಬಡಿಕೆಯ ನೆರಳಿನಲ್ಲಿ.

ಈ ಒಡಂಬಡಿಕೆಯ 33ನೆಯ ವಿಧಿಯನ್ನು ಓದಿದವರಿಗೆ ಮೊದಲು ಸಂತೋಷವಾಗುತ್ತದೆ. ಗೊತ್ತುಪಡಿಸಿದ ಕನಿಷ್ಠ ಮಟ್ಟಕ್ಕೆ ಕಡಮೆಯಿಲ್ಲದಿದ್ದರೆ ಒಂದು ರಾಜ್ಯದ ಲೈಸೆನ್ಸನ್ನು ಇತರ ರಾಜ್ಯಗಳು ಮನ್ನಿಸತಕ್ಕದ್ದು ಎಂದು ಅದರ ಭಾವ. ಹಾಗಾದರೆ ಗೌಡರ ಮಗನಿಗೆ ತೊಂದರೆ ಏನು? ತೊಂದರೆ ಒಂದು ಸಣ್ಣ ಮಾತಿನಲ್ಲಿದೆ. ಮನ್ನಿಸಬೇಕಾದದ್ದು ಯಾವ ರಾಜ್ಯದ ಲೈಸೆನ್ಸನ್ನು? ವಿಮಾನವು ಎಲ್ಲಿ ನೋಂದಣಿಯಾಗಿದೆಯೋ ಆ ರಾಜ್ಯವು ಕೊಟ್ಟ ಅಥವಾ ಮಾನ್ಯಮಾಡಿದ ಲೈಸೆನ್ಸನ್ನು. ಅಂದರೆ ಲೈಸೆನ್ಸು ಅಂಟಿಕೊಂಡಿರುವುದು ಮನುಷ್ಯನಿಗಿಂತ ಹೆಚ್ಚಾಗಿ ಯಂತ್ರದ ರಾಷ್ಟ್ರೀಯತೆಗೆ.

ವಿಮಾನಕ್ಕೂ ರಾಷ್ಟ್ರೀಯತೆಯುಂಟು. ನಮ್ಮ ದೇಶದ ವಿಮಾನಗಳ ಮೈಮೇಲೆ ‘ವಿಟಿ’ ಎಂಬ ಅಕ್ಷರಗಳಿರುತ್ತವೆ. ‘ವೈಸರಾಯ್ಸ್ ಟೆರಿಟರಿ’ ಎಂದು ಅದನ್ನು ಬಿಡಿಸಿ ಹೇಳಿ ಬೇಸರಪಡುವವರೂ ಇದ್ದಾರೆ. ಅಮೆರಿಕದ್ದು ‘ಎನ್’, ಬ್ರಿಟನ್ನಿನದು ‘ಜಿ’. ನಮ್ಮ ವೈಮಾನಿಕರೊಬ್ಬರು ‘ವಿಟಿ’ ವಿಮಾನವನ್ನು ನ್ಯೂಯಾರ್ಕಿಗೆ ಒಯ್ದರೆ ಅವರ ಭಾರತೀಯ ಲೈಸೆನ್ಸನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದೇ ಊರಿನಲ್ಲಿ ‘ಎನ್’ ಎಂದು ಬರೆದ ವಿಮಾನವನ್ನು ಬಾಡಿಗೆಗೆ ನಡೆಸುತ್ತೇನೆಂದು ಅವರು ಕೇಳಿದರೆ ಆ ಲೈಸೆನ್ಸು ಸಾಲದು. ಮನುಷ್ಯ ಅವನೇ, ಕೈ ಅದೇ, ಆಕಾಶವೂ ಅದೇ. ಯಂತ್ರದ ಮೇಲಿನ ಅಕ್ಷರ ಬೇರೆ, ಆದ್ದರಿಂದ ಜಾಮೀನುದಾರನೂ ಬೇರೆ.

ಹೆಲಿಕಾಪ್ಟರಿನವನ ಕಷ್ಟ ಹುಟ್ಟುವುದು ಇಲ್ಲಿಯೇ. ವಿಮಾನ ದೂರ ಹೋಗುವ ಪ್ರಾಣಿ. ತನ್ನ ದೇಶವನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತದೆ. ಅದರೊಡನೆ ಹೋಗುವವನಿಗೆ 33ನೆಯ ವಿಧಿಯ ನೆರಳಿದೆ. ಹೆಲಿಕಾಪ್ಟರು ಉಳುವ ಎತ್ತಿನ ಹಾಗೆ. ಕಟ್ಟಿದ ಸೀಮೆಯಲ್ಲಿಯೇ ಅದರ ದುಡಿಮೆ. ಸಮುದ್ರದ ಎಣ್ಣೆಬಾವಿಗೆ ಜನರನ್ನು ಒಯ್ಯುವುದು, ಬೆಟ್ಟದ ಮೇಲೆ ಸಾಮಾನು ಇಳಿಸುವುದು, ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು, ಇವೇ ಅದರ ಕಾಯಕ. ಹೆಲಿಕಾಪ್ಟರು ದೇಶ ದಾಟಿ ಹೋಗುವುದು ಅಪರೂಪ; ಅದು ಇರುವ ಊರಿಗೆ ಮನುಷ್ಯನೇ ಹೋಗಬೇಕು. ಹೋದ ಕ್ಷಣವೇ ಅವನು ಬೇರೆ ಅಕ್ಷರದ ಯಂತ್ರದ ಮುಂದೆ ಕೂಲಿ ಕೇಳುವವನಾಗಿ ನಿಲ್ಲುತ್ತಾನೆ. ಷಿಕಾಗೋ ಒಡಂಬಡಿಕೆ ಬರೆದವರ ಕಣ್ಣಿನಲ್ಲಿದ್ದದ್ದು ಸಾಗರ ದಾಟುವ ವಿಮಾನ. ಆಗ ಹೆಲಿಕಾಪ್ಟರು ಇನ್ನೂ ಅಂಬೆಗಾಲಿಡುತ್ತಿತ್ತು. ಇಗೋರ್ ಸಿಕೋರ್ಸ್ಕಿ ತನ್ನ ಮೊದಲ ಯಶಸ್ವಿ ಹೆಲಿಕಾಪ್ಟರನ್ನು ನೆಲದಿಂದ ಎಬ್ಬಿಸಿದ್ದು 1939ರಲ್ಲಿ. ನಮ್ಮ ವಾಯುಸೇನೆಗೆ ಮೊದಲ ಹೆಲಿಕಾಪ್ಟರುಗಳು ಬಂದದ್ದು 1954ರಲ್ಲಿ. ನಮ್ಮ ಸೀಮೆಯ ಜನಕ್ಕೆ ಅದರ ದೊಡ್ಡ ಪರಿಚಯವಾದದ್ದು 1981ರ ಮಹಾಮಸ್ತಕಾಭಿಷೇಕದಲ್ಲಿ. ಪ್ರಧಾನಿ ಇಂದಿರಾ ಗಾಂಧಿಯವರು ಶ್ರವಣಬೆಳಗೊಳಕ್ಕೆ ಹೆಲಿಕಾಪ್ಟರಿನಲ್ಲಿ ಬಂದು ಗೊಮ್ಮಟನ ಮೇಲೆ ಹೂಮಳೆ ಸುರಿಸಿದರು. ಮೊದಲು ಹೂವಿನೊಡನೆ ಬಂದ ಹೆಲಿಕಾಪ್ಟರು ಆಮೇಲೆ ಪ್ರತಿ ಚುನಾವಣೆಯಲ್ಲಿಯೂ ಧೂಳಿನೊಡನೆ ಬರುತ್ತಿದೆ.

ಇಷ್ಟನ್ನು ಗೌಡರಿಗೆ ವಿವರಿಸಿದೆ. ಅವರು ತಲೆದೂಗಿ ಇನ್ನೊಂದು ಪ್ರಶ್ನೆ ಹಾಕಿದರು: “ಸರಿ ಮೇಷ್ಟ್ರೇ, ನಮ್ಮ ಹುಡುಗ ಅಮೆರಿಕದೋನಲ್ಲವಲ್ಲ. ಇಲ್ಲೇ ಹುಟ್ಟಿದೋನು. ಮನೆ ಮಗನಿಗೆ ಮನೆ ಬಾಗ್ಲು ಯಾಕೆ ತಟ್ಟೋ ಗತಿ?”

ಇದಕ್ಕೂ ಒಡಂಬಡಿಕೆಯಲ್ಲಿ ಉತ್ತರವಿದೆ, ಗೌಡರಿಗೆ ಹಿತವಾದ ಉತ್ತರವಲ್ಲ. 32ನೆಯ ವಿಧಿಯ ಎರಡನೆಯ ಭಾಗವು, ತನ್ನ ಪ್ರಜೆಗೆ ಬೇರೆ ರಾಜ್ಯವು ಕೊಟ್ಟ ಲೈಸೆನ್ಸನ್ನು ತನ್ನ ನೆಲದ ಮೇಲಿನ ಹಾರಾಟಕ್ಕೆ ಮನ್ನಿಸದಿರುವ ಹಕ್ಕನ್ನು ಪ್ರತಿ ರಾಜ್ಯಕ್ಕೂ ಕೊಟ್ಟಿದೆ. ಅನ್ಯರ ವಿಷಯದಲ್ಲಿ ಉದಾರ, ತನ್ನವರ ವಿಷಯದಲ್ಲಿ ಬಿಗಿ! 1919ರ ಒಡಂಬಡಿಕೆಯಲ್ಲಿಯೂ ಈ ಮಾತಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಪರೀಕ್ಷೆ ಕಠಿಣವೆಂದು ಹುಡುಗರು ಸುಲಭವಾದ ಕಡೆ ಹೋಗಿ ಪತ್ರ ತಂದರೆ ಮನೆಯ ಪರೀಕ್ಷೆಗೆ ಅರ್ಥವುಳಿಯುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಈ ಶತಮಾನದ ಆರಂಭದಲ್ಲಿ ನಮ್ಮಲ್ಲಿ ವಿಮಾನ ಕಂಪನಿಗಳು ಒಮ್ಮೆಲೇ ಬೆಳೆದು ವೈಮಾನಿಕರಿಗೆ ಬರ ಬಂದಾಗ, ಪರದೇಶದ ವೈಮಾನಿಕರು ತಾತ್ಕಾಲಿಕ ಅನುಮತಿಯ ಮೇಲೆ ಬಂದು ‘ವಿಟಿ’ ವಿಮಾನಗಳನ್ನು ನಡೆಸಿದರು. ಅವರ ಹಿಂದೆ ಕಂಪನಿ ನಿಂತಿತ್ತು. ಅನುಮತಿ ಕೇಳಿದ್ದೂ ಕಂಪನಿಯೇ. ಪರದೇಶದಲ್ಲಿ ಕಲಿತು ಬಂದ ನಮ್ಮ ಹುಡುಗನ ಹಿಂದೆ ತೋಟ ಅಡವಿಟ್ಟ ತಂದೆಯೊಬ್ಬರು ಬಿಟ್ಟರೆ ಯಾರೂ ಇಲ್ಲ.

ನಮ್ಮ ದೇಶದ ನಿಯಮಾವಳಿ 1937ರದು. ಅದರ ತಾಯಿಯಾದ 1934ರ ಕಾಯಿದೆ ಹೋಗಿ 2025ರ ಜನವರಿಯಿಂದ ಹೊಸ ವಾಯುಯಾನ ಅಧಿನಿಯಮ ಬಂದಿದೆ. ಆದರೂ ಪರದೇಶದ ಪತ್ರದ ವಿಷಯದಲ್ಲಿ ಹಳೆಯ ತತ್ತ್ವವೇ ನಡೆದುಬಂದಿದೆ. ದಾರಿಗಳು ಎರಡು. ಒಂದು ಮಾನ್ಯತೆ: ಪರದೇಶದ ಲೈಸೆನ್ಸು ಜೀವಂತವಾಗಿರುವಷ್ಟು ಕಾಲ, ಷರತ್ತುಗಳ ಮೇಲೆ, ಅದಕ್ಕೆ ಇಲ್ಲಿನ ಮುದ್ರೆ ಒತ್ತುವುದು. ಇನ್ನೊಂದು ಪರಿವರ್ತನೆ: ಅಲ್ಲಿನ ಹಾರಾಟದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದು, ಇಲ್ಲಿನ ಪರೀಕ್ಷೆಗಳನ್ನು ಮುಗಿಸಿದ ಮೇಲೆ, ಇಲ್ಲಿನದೇ ಹೊಸ ಲೈಸೆನ್ಸು ಕೊಡುವುದು. ಮೊದಲನೆಯದು ಅತಿಥಿಗೆ, ಎರಡನೆಯದು ನೆಲೆ ನಿಲ್ಲುವವನಿಗೆ. ಗೌಡರ ಮಗ ಹಿಡಿದದ್ದು ಎರಡನೆಯದು. ವಾಯುನಿಯಮ, ಮಾರ್ಗಶೋಧನೆ, ಹವಾಮಾನ, ಯಂತ್ರಜ್ಞಾನ, ವೈದ್ಯರ ತಪಾಸಣೆ, ರೇಡಿಯೋದಲ್ಲಿ ಮಾತನಾಡುವ ಬೇರೆ ಪತ್ರ, ಹಾರಿಸಿ ತೋರಿಸುವ ಪರೀಕ್ಷೆ, ಹೀಗೆ ಮೆಟ್ಟಿಲುಗಳು. ಇವುಗಳ ನಡುವೆ ಅಮೆರಿಕದ ಲೈಸೆನ್ಸು ನಿಜವೋ ಅಲ್ಲವೋ ಎಂದು ಅಲ್ಲಿನ ಇಲಾಖೆಯಿಂದ ಉತ್ತರ ಬರಬೇಕು. ಜಾಮೀನುದಾರನನ್ನು ‘ಈ ರುಜು ನಿಮ್ಮದೇ ಹೌದೆ?’ ಎಂದು ಕೇಳುವ ಶಾಸ್ತ್ರವಿದು.

ಇದೆಲ್ಲ ಬರಿಯ ಕಾಗದದ ಕಾಟವೆಂದು ನಾನೂ ನಂಬಿದ್ದೆನೆಂದು ಯಾರೂ ತಿಳಿಯಬಾರದು. ಬೇಲಿಯ ಹಿಂದೆ ನಿಜವಾದ ಹಳ್ಳವೂ ಇದೆ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯು 1962ರಲ್ಲಿ ಫ್ರಾನ್ಸಿನ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಅವರ ಅಲೂಯೆಟ್ ಹೆಲಿಕಾಪ್ಟರನ್ನು ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಆಮೇಲೆ ‘ಚೀತಾ’ ಬಂದಿತು. ನಮ್ಮ ಸೈನ್ಯದ ಬೇಡಿಕೆಯಿಂದಲೇ ಫ್ರಾನ್ಸಿನಲ್ಲಿ ಹುಟ್ಟಿದ ಯಂತ್ರವದು. ಅಲ್ಲಿ ‘ಲಾಮಾ’ ಎಂದು ಕರೆದ ಈ ಯಂತ್ರದಲ್ಲಿ ಝಾನ್ ಬೂಲೆ 1972ರ ಜೂನ್ 21ರಂದು 12,442 ಮೀಟರು ಎತ್ತರಕ್ಕೆ ಏರಿ ದಾಖಲೆ ಸ್ಥಾಪಿಸಿದರು. ಈ ಫ್ರೆಂಚ್ ಯಂತ್ರಗಳ ರೆಕ್ಕೆ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅಮೆರಿಕದ ಯಂತ್ರಗಳ ರೆಕ್ಕೆ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ಎಳೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಚಾಲಕನ ಕಾಲು. ಬಲ ಹೆಚ್ಚಿಸಿ ಮೇಲೇಳುವಾಗ ಅಮೆರಿಕದ ಯಂತ್ರದಲ್ಲಿ ಎಡಗಾಲನ್ನು ಒತ್ತಬೇಕು, ಫ್ರೆಂಚ್ ಯಂತ್ರದಲ್ಲಿ ಬಲಗಾಲನ್ನು. ನೂರಾರು ಗಂಟೆ ಹಾರಿದವನ ಕಾಲು ಯೋಚಿಸಿ ಒತ್ತುವುದಿಲ್ಲ, ತಾನಾಗಿ ಒತ್ತುತ್ತದೆ. ಅವಸರದಲ್ಲಿ ಹಳೆಯ ಅಭ್ಯಾಸ ಮುಂದಾದರೆ ಏನಾದೀತೆಂದು ಹೇಳಬೇಕಾಗಿಲ್ಲ. ದೇಶ ಬದಲಾಯಿಸಿದ ವೈಮಾನಿಕನು ತಲೆಗೆ ಹೊಸ ಕಾನೂನನ್ನು ಕಲಿಸಿದ ಹಾಗೆ ಕಾಲಿಗೂ ಹೊಸ ಪಾಠ ಕಲಿಸಬೇಕಾಗಬಹುದು.

ಹೀಗಾಗಿಯೇ ಯಂತ್ರದ ಮಾದರಿಯ ಪ್ರಶ್ನೆ ದೊಡ್ಡದು. ಜಗತ್ತಿನ ಕನಿಷ್ಠ ಮಟ್ಟದಲ್ಲಿ ಹೆಲಿಕಾಪ್ಟರಿನ ವೃತ್ತಿಪರ ಲೈಸೆನ್ಸಿಗೆ 150 ಗಂಟೆ ಹಾರಾಟ ಬೇಕು, ಅಂಗೀಕೃತ ಶಾಲೆಯಲ್ಲಿ ಕಲಿತರೆ 100 ಗಂಟೆ ಸಾಕು. ಗಂಟೆಗಳ ಮಾತು ಎಲ್ಲೆಡೆಯೂ ಹೆಚ್ಚುಕಡಮೆ ಒಂದೆ. ಆದರೆ ಅಮೆರಿಕದಲ್ಲಿ ಸಣ್ಣ ಹೆಲಿಕಾಪ್ಟರುಗಳಿಗೆಲ್ಲ ಸೇರಿ ಒಂದೇ ಅರ್ಹತೆ. ನಮ್ಮಲ್ಲಿ ಪ್ರತಿ ಮಾದರಿಯನ್ನೂ ಲೈಸೆನ್ಸಿನಲ್ಲಿ ಹೆಸರಿಸಿ ಬರೆಯಬೇಕು. ಅಲ್ಲಿ ಎರಡು ಆಸನದ ಪುಟ್ಟ ಯಂತ್ರದಲ್ಲಿ ಕಲಿತು ಬಂದವನಿಗೆ ಇಲ್ಲಿ ಕಂಪನಿಗಳು ನಡೆಸುವ ದೊಡ್ಡ ಯಂತ್ರದ ಹೆಸರು ಬರೆಸಿಕೊಳ್ಳಲು ಮತ್ತೆ ಹಣ ಬೇಕು. ಪರದೇಶಕ್ಕೆ ಹೊರಡುವಾಗ ಶುಲ್ಕದ ಪಟ್ಟಿಯಲ್ಲಿ ಕಾಣದ ಖರ್ಚು ಇದು.

ಪರದೇಶದ ಮಾತು ಹಾಗಿರಲಿ, ಒಂದೇ ದೇಶದೊಳಗೂ ಈ ಬೇಲಿಯುಂಟು. ಇದಕ್ಕೆ ನಮ್ಮ ಜಿಲ್ಲೆಯ ನೆನಪೇ ಸಾಕ್ಷಿ. ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿ ಅಧಿಕಾರಿಯಾಗಿದ್ದು, 1971ರ ಯುದ್ಧ ಕಂಡು, ಮರಳಿ ಜಾವಗಲ್ಲಿನ ಬಳಿ ರೇಷ್ಮೆ ಬೆಳೆದ ಕ್ಯಾಪ್ಟನ್ ಗೋಪಿನಾಥರು 1997ರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಹೆಲಿಕಾಪ್ಟರಿನ ಡೆಕ್ಕನ್ ಏವಿಯೇಷನ್ ಕಂಪನಿಯನ್ನು ಕಟ್ಟಿದರು. ಅವರೊಡನೆ ನಿಂತವರು ಸೈನ್ಯದಲ್ಲಿ ಹೆಲಿಕಾಪ್ಟರು ನಡೆಸಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್. ಅಂಥ ಕಂಪನಿಗಳಿಗೆ ವೈಮಾನಿಕರು ಬಂದದ್ದು ಹೆಚ್ಚಾಗಿ ಸೈನ್ಯದಿಂದಲೇ. ಹಿಮಾಲಯದ ಶಿಖರಗಳ ನಡುವೆ ಚೀತಾ ಇಳಿಸಿದ ಕೈಗಳು ಅವು. ಆದರೂ ಎದೆಯ ಮೇಲಿನ ಸೈನ್ಯದ ರೆಕ್ಕೆ ನಾಗರಿಕ ಲೈಸೆನ್ಸಲ್ಲ. ಅವರೂ ನಾಗರಿಕ ನಿಯಮದ ಪರೀಕ್ಷೆ ಬರೆದೇ ಬರಬೇಕು. ಯುದ್ಧದಲ್ಲಿ ಉತ್ತರ ಹೇಳುವವನು ಸೇನಾಪತಿ. ಟಿಕೆಟ್ಟು ಕೊಂಡ ಪ್ರಯಾಣಿಕನಿಗೆ ಉತ್ತರ ಹೇಳಬೇಕಾದದ್ದು ಬೇರೆ ಇಲಾಖೆ. ಇದರಲ್ಲಿ ಅವಮಾನವೇನೂ ಇಲ್ಲ. ಮುಂದೆ ಇದೇ ಕಂಪನಿ ಶ್ರೀಲಂಕೆಯಲ್ಲಿಯೂ ಹೆಲಿಕಾಪ್ಟರು ಸೇವೆ ನಡೆಸಿತು. ರಾಮಸೇತುವಿನಷ್ಟು ಹತ್ತಿರದ ನೆಲವಾದರೂ ಅಲ್ಲಿ ನೋಂದಣಿಯಾದ ಯಂತ್ರಕ್ಕೆ ಅಲ್ಲಿನ ಅಕ್ಷರ, ಅಲ್ಲಿನ ಜಾಮೀನು.

ಇಲ್ಲಿಂದ ಹೊರಗೆ ಹೋಗುವವರ ಕಥೆಯೂ ಭಿನ್ನವಲ್ಲ. ನಮ್ಮ ಲೈಸೆನ್ಸಿನ ಆಧಾರದ ಮೇಲೆ ಅಮೆರಿಕದವರು ಕೊಡುವುದು ಖಾಸಗಿ ಹಾರಾಟದ ಪತ್ರ ಮಾತ್ರ. ಸಂಬಳಕ್ಕೆ ಹಾರಬೇಕಾದರೆ ಅವರ ಪರೀಕ್ಷೆಯನ್ನೇ ಬರೆಯಬೇಕು. ಸ್ವಂತಕ್ಕೆ ಹಾರು, ಕೂಲಿಗೆ ಹಾರಬೇಡ! ಟಾಟಾ ಅವರ ಕಾಲದ ವಿಷಯದಲ್ಲಿ ನೆನಪಿಡಿ ಎಂದದ್ದು ಇದಕ್ಕಾಗಿ. ನೆರೆಹೊರೆಯ ದೇಶಗಳಾದ ಅಮೆರಿಕವೂ ಕೆನಡವೂ 2006ರಲ್ಲಿ ಪರಸ್ಪರ ಲೈಸೆನ್ಸುಗಳನ್ನು ಸುಲಭವಾಗಿ ಬದಲಾಯಿಸಿಕೊಡುವ ಏರ್ಪಾಡು ಮಾಡಿಕೊಂಡಾಗ ಅದು ವಿಮಾನದವರಿಗಾಗಿ ಆದದ್ದು. ಹೆಲಿಕಾಪ್ಟರಿನವರಿಗೆ ಅದರಲ್ಲಿ ಜಾಗ ದೊರೆಯಲಿಲ್ಲ. ಜಾಮೀನು ರಾತ್ರೋರಾತ್ರಿ ಬಿದ್ದುಹೋದದ್ದೂ ಉಂಟು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟು, ಅದರ ಸಂಕ್ರಮಣ ಕಾಲ 2020ರ ಡಿಸೆಂಬರ್ 31ಕ್ಕೆ ಮುಗಿದಾಗ, ಅದುವರೆಗೆ ಯೂರೋಪಿನ ಯಾವ ದೇಶದ ಯಂತ್ರವನ್ನಾದರೂ ನಡೆಸಬಹುದಾಗಿದ್ದ ಬ್ರಿಟಿಷ್ ಲೈಸೆನ್ಸು ಮರುದಿನ ಬೆಳಗ್ಗೆ ಪರದೇಶದ ಲೈಸೆನ್ಸಾಯಿತು. ಆ ರಾತ್ರಿಯಲ್ಲಿ ಯಾವ ವೈಮಾನಿಕನೂ ತನ್ನ ವಿದ್ಯೆಯನ್ನು ಮರೆತಿರಲಿಲ್ಲ.

ಹಾಗಾದರೆ ಈ ಬೇಲಿಯನ್ನು ಕಿತ್ತೊಗೆಯಬೇಕೆ? ನಾನು ಹಾಗೆನ್ನುವುದಿಲ್ಲ. ತಲೆಯ ಮೇಲೆ ಹಾರುವವನಿಗೆ ಜಾಮೀನು ಕೇಳುವುದು ಕೆಳಗಿರುವವರ ಹಕ್ಕು. ಬೆಂಗಳೂರಿನ ಮಹಡಿಯ ಮನೆಯವರಿಗೂ ಹಿರೀಸಾವೆಯ ಹೆಂಚಿನ ಮನೆಯವರಿಗೂ ಈ ಹಕ್ಕು ಸಮಾನ. ಆದರೆ ಬೇಲಿಯಿದ್ದ ಕಡೆ ಬಾಗಿಲೂ ಇರಬೇಕು. ಬಾಗಿಲು ಎಲ್ಲರಿಗೂ ಒಂದೇ ಅಳತೆಯದಾಗಿರಬೇಕು. ಬರದ ವರ್ಷದಲ್ಲಿ ಅಗಲವಾಗಿ, ಸುಗ್ಗಿಯ ವರ್ಷದಲ್ಲಿ ಕಿರಿದಾಗುವ ಬಾಗಿಲು ನ್ಯಾಯದ್ದಲ್ಲ. ಪರೀಕ್ಷಿಸಬೇಕಾದದ್ದು ಬೇರೆಯಾಗಿರುವುದನ್ನು, ಅಂದರೆ ನಮ್ಮ ನಿಯಮ, ನಮ್ಮ ಮಳೆಗಾಲ, ನಮ್ಮಲ್ಲಿರುವ ಯಂತ್ರ, ಇಷ್ಟನ್ನು. ಗಾಳಿ ಎಲ್ಲೆಡೆಯೂ ಗಾಳಿಯೇ ಎಂಬ ಗೌಡರ ಮಾತಿನಲ್ಲಿ ಅರ್ಧ ನಿಜವಾದರೂ ಇದೆ. ಆ ಅರ್ಧಕ್ಕೆ ಮತ್ತೆ ಶುಲ್ಕ, ಮತ್ತೆ ಕಾಲ ಕೇಳುವುದು ಸರಿಯಲ್ಲ.

ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವ ತಂದೆತಾಯಿಗಳು ಒಂದು ಮಾತನ್ನು ಕೇಳಬೇಕು. ಯಾವ ಶಾಲೆ ಅಗ್ಗ, ಯಾವ ಶಾಲೆ ಬೇಗ ಎಂದು ವಿಚಾರಿಸುವ ಮೊದಲು ಹುಡುಗ ದುಡಿಯುವುದು ಯಾವ ಅಕ್ಷರದ ಯಂತ್ರದಲ್ಲಿ ಎಂದು ವಿಚಾರಿಸಲಿ. ಹಾರುವುದನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಇಳಿದು ಅನ್ನ ಸಂಪಾದಿಸುವ ನೆಲ ಯಾವುದೆಂಬುದು ಮಾತ್ರ ಮೊದಲೇ ಗೊತ್ತಿರಬೇಕು. ತೋಟದ ಪತ್ರಕ್ಕೆ ರುಜು ಹಾಕುವ ಮುಂಚೆ ಕೇಳಿದರೆ ಈ ಪ್ರಶ್ನೆಗೆ ಬೆಲೆಯಿಲ್ಲ; ಆಮೇಲೆ ಕೇಳಿದರೆ ಬಹಳ ಬೆಲೆ.